ಸೊಸೈಟಿಯ ದುಡ್ಡು ಯಾವುದಕ್ಕೆ ಹಾಕಿದರೆ ಬೆಂಕಿಯೊಳಗೆ ನುಗ್ಗುವ ಅಗ್ನಿಶಾಮಕ ಜವಾನನಿಗೆ ಉಸಿರು ಉಳಿಯುತ್ತದೆ?

ನಮ್ಮದು ಮುಂಬಯಿಯ ಚೆಂಬೂರಿನಲ್ಲಿ 14 ಮಹಡಿಯ, ಎರಡು ವಿಂಗಿನ ಸೊಸೈಟಿ. ನಾನು ಅದರ ಟ್ರೆಶರರ್. ಚೆಕ್ಕಿಗೆ ಸಹಿ ಹಾಕುವುದು, ಮೀಟಿಂಗಿನಲ್ಲಿ ಬೈಸಿಕೊಳ್ಳುವುದು ಎರಡೂ ನನ್ನ ಪಾಲಿಗೇ.

ಕಳೆದ ಮಳೆಗಾಲದಲ್ಲಿ ಬಿ ವಿಂಗಿನ 4ನೇ ಮಹಡಿಯ ಎಲೆಕ್ಟ್ರಿಕ್ ಡಕ್ಟಿನಲ್ಲಿ (ಕೇಬಲ್‌ಗಳು ಮೇಲಕ್ಕೆ ಹೋಗುವ ಗೂಡಿನಲ್ಲಿ) ಬೆಂಕಿ ಹತ್ತಿತು. ಡಕ್ಟಿನ ಬಾಗಿಲಿಗೆ ಒರಗಿಸಿಟ್ಟಿದ್ದ ಹಳೆಯ ಹಾಸಿಗೆ, ಚಪ್ಪಲಿ ಸ್ಟ್ಯಾಂಡು ಎಲ್ಲ ಹಿಡಿದುಕೊಂಡಿತು. ಹೊಗೆ ಡಕ್ಟಿನಲ್ಲೇ ಮೇಲಕ್ಕೆ ಹೋಗಿ 11ನೇ ಮಹಡಿಯಲ್ಲಿ ಹೊರಬಂತು. 101ಕ್ಕೆ ಫೋನ್ ಹೋಯಿತು, ಗಾಡಿ ಬೇಗನೇ ಬಂತು. ಆಮೇಲೆ ನಮ್ಮ ಮಾನ ಹೋಗಲು ಶುರುವಾಯಿತು. ಮೀಟರ್ ರೂಮಿಗೆ ಬೀಗ. ಟೆರೇಸ್ ಬಾಗಿಲಿಗೆ ಬೀಗ. ಟೆರೇಸ್ ಕೀಲಿ ಸೆಕ್ರೆಟರಿಯವರ ಹತ್ತಿರ, ಅವರು ಮದುವೆಗೆಂದು ಕಾರ್ಕಳಕ್ಕೆ ಹೋಗಿದ್ದರು. ಅಷ್ಟರಲ್ಲಿ ಯಾರೋ ಕೆಳಗಿಂದ ಕೂಗಿದರು: "7ನೇ ಮಹಡಿಯ ಅಜ್ಜಿ ಒಳಗೇ ಇದ್ದಾರೆ!" ಇಬ್ಬರು ಜವಾನರು ಮಾಸ್ಕ್ ಹಾಕಿಕೊಂಡು ಹೊಗೆಯಲ್ಲೇ ಹತ್ತಿದರು. ಬಾಗಿಲು ಒಡೆದು ಮನೆಯೆಲ್ಲ ತಡಕಾಡಿ ಬಂದರು. ಅಜ್ಜಿ ಎಂಟು ದಿನದಿಂದ ಡೊಂಬಿವಲಿಯಲ್ಲಿ ಮಗಳ ಮನೆಯಲ್ಲಿದ್ದರು.

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಇಬ್ಬರು ಕೆಳಗೆ ಬಂದು ಮಾಸ್ಕ್ ತೆಗೆದಾಗ ಅವರ ಮುಖ ನೋಡಿದವನು ನಾನು. ಬೆವರು ಗದ್ದದಿಂದ ಸುರಿಯುತ್ತಿತ್ತು. ಒಬ್ಬನ ಬೆನ್ನಿನ ಉಸಿರಾಟದ ಸೆಟ್ಟಿನಿಂದ ಸಣ್ಣ ಸೀಟಿ ಕೇಳುತ್ತಲೇ ಇತ್ತು. ಅದು ಯಾಕೆ ಅಂತ ಆಗ ಗೊತ್ತಿರಲಿಲ್ಲ.

ಆಮೇಲೆ ಜನರಲ್ ಬಾಡಿಯಲ್ಲಿ 10 ಲಕ್ಷ ಎತ್ತಿಡುವುದು ಅಂತ ಆಯಿತು. ಕಾಂಟ್ರ್ಯಾಕ್ಟರುಗಳು ಸಾಲುಗಟ್ಟಿ ಬಂದರು. ಒಬ್ಬ ಸ್ಪ್ರಿಂಕ್ಲರ್ (ಬೆಂಕಿಯ ಬಿಸಿಗೆ ಚಾವಣಿಯಿಂದ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ) ಅಂದ, ಒಬ್ಬ ಪಂಪ್ ಅಂದ, ಇನ್ನೊಬ್ಬ ದೊಡ್ಡ ಫ್ಯಾನ್ ಅಂದ. ಎಲ್ಲರೂ ನಮ್ಮ ಜೀವ ಉಳಿಸುವ ಮಾತೇ ಆಡಿದರು. ಒಳಗೆ ಬರುವ ಜವಾನನ ಜೀವದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹಾಗಾಗಿ ಆ ಲೆಕ್ಕ ನಾನೇ ಹಾಕಲು ಕೂತೆ.

ಅಳತೆಗೋಲು: ಬಾರ್

ನಮ್ಮ ಪಕ್ಕದ ಗಲ್ಲಿಯಲ್ಲಿ ವಿಜಯಪುರದ ಕಡೆಯ ಹುಡುಗನೊಬ್ಬ ಇದ್ದಾನೆ. ಅಗ್ನಿಶಾಮಕ ದಳದಲ್ಲಿ ಜವಾನ. ಭಾನುವಾರ ಚಹಾಕ್ಕೆ ಕರೆದು ಕೊಟೇಶನ್ನುಗಳನ್ನೆಲ್ಲ ಅವನ ಮುಂದೆ ಹರಡಿದೆ. "ಇದರಲ್ಲಿ ಯಾವುದು ಒಳ್ಳೆಯದು, ನೀನೇ ಹೇಳು ಮಾರಾಯ" ಅಂದೆ. ಅವನು ಒಂದನ್ನೂ ಓದಲಿಲ್ಲ. ಒಂದು ಕೊಟೇಶನ್ನಿನ ಬೆನ್ನಿಗೆ ಸಿಲಿಂಡರಿನ ಚಿತ್ರ ಬರೆದ.

"ಶೆಟ್ರ, ಒಳಗ ಹ್ವಾದ ಮ್ಯಾಲ ನಮ್ಮ ಗಡಿಯಾರ ಇದ. ಇದರಾಗ ಎಷ್ಟ ಐತಿ, ಅಷ್ಟ ನಮ್ಮ ಆಯುಷ್ಯ."

ಜವಾನನ ಬೆನ್ನ ಮೇಲಿರುವುದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಸಾಮಾನ್ಯವಾಗಿ ಬಳಸುವ ಕಾಂಪೋಸಿಟ್ (ನಾರು ಸುತ್ತಿದ ಹಗುರ) ಸಿಲಿಂಡರ್ 6.8 ಲೀಟರಿನದು, 300 ಬಾರ್ ಒತ್ತಡದ್ದು. ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಗುಣಿಸಿದರೆ ಸುಮಾರು 2,000 ಲೀಟರ್ ಗಾಳಿ. ಸುಮಾರು 55 ಬಾರಿಗೆ ಇಳಿದಾಗ ಸೀಟಿ ಹೊಡೆಯುತ್ತದೆ. ಸೀಟಿ ಹೊಡೆದ ಮೇಲೆ ಹೊರಡುವುದಲ್ಲ, ಸೀಟಿ ಹೊಡೆಯುವ ಹೊತ್ತಿಗೆ ಹೊರಗೆ ಇರಬೇಕು. ಉಳಿದ 55 ಕಷ್ಟಕಾಲಕ್ಕೆ. ಹಾಗಾಗಿ ಕೆಲಸಕ್ಕೆ ಸಿಗುವುದು 245 ಬಾರ್.

ಸುಮ್ನೆ ಕೂತವನಿಗೆ ಇದು ತುಂಬಾ ಹೊತ್ತು ಬರುತ್ತದೆ. ಆದರೆ ಭಾರದ ಕೋಟು, ಬೂಟು, ಹೆಲ್ಮೆಟ್, ಹೆಗಲಿಗೆ ಪೈಪು ಹೊತ್ತು ದುಡಿಯುವವನು ನಿಮಿಷಕ್ಕೆ 60 ಲೀಟರ್ ಎಳೆಯುತ್ತಾನೆ ಅಂತ ಹಿಡಿಯೋಣ. ಹೆದರಿದರೆ, ಮೆಟ್ಟಿಲು ಹತ್ತಿದರೆ ಇನ್ನೂ ಜಾಸ್ತಿ. 60 ಲೀಟರ್ ಅಂದರೆ ನಿಮಿಷಕ್ಕೆ ಸುಮಾರು 9 ಬಾರ್. 245 ಬಾರ್ ಮುಗಿಯಲು 28 ನಿಮಿಷ ಸಾಕು. ಅದರಲ್ಲಿ ಒಳಹೋಗಲು 8 ನಿಮಿಷ ಆದರೆ ಹೊರಬರಲು ಇನ್ನೊಂದು 8. ಕೆಲಸಕ್ಕೆ ಉಳಿದದ್ದು 12 ನಿಮಿಷ. ಪೂರ್ತಿ ಸೆಟ್ಟಿನ ಮೇಲೆ 45 ನಿಮಿಷ ಅಂತ ಬರೆದಿರುತ್ತದೆ ನೋಡಿ, ಅದು ನಿಮಿಷಕ್ಕೆ 40 ಲೀಟರಿನ ಅಂದಾಜಿನದು. ಬೆಂಕಿಯ ಮನೆಯಲ್ಲಿ ಅದನ್ನು ನಂಬುವವರಿಲ್ಲ.

ಇಷ್ಟು ತಿಳಿದ ಮೇಲೆ ನನಗೆ ಹೋಲಿಕೆ ಸುಲಭವಾಯಿತು. ಯಾವ ಕೊಟೇಶನ್ ಬಂದರೂ ಒಂದೇ ಪ್ರಶ್ನೆ: ಇದು ಜವಾನನ ಎಷ್ಟು ಬಾರ್ ಉಳಿಸುತ್ತದೆ? ನಿಮ್ಮ ಸೊಸೈಟಿಯಲ್ಲೂ ಇದೇ ಗೋಲು ಹಿಡಿದು ಅಳೆಯಿರಿ.

ಗೇಟಿನ ಪೆಟ್ಟಿಗೆಯೋ, ಮೀಟಿಂಗಿನಲ್ಲಿ ಮೆಚ್ಚುಗೆಯಾದ ಅಲಾರಾಂ ಪ್ಯಾನೆಲ್ಲೋ?

ಮೊದಲ ಹೋಲಿಕೆಯೇ ಅಸಮಾನ. ಒಂದು ಕಡೆ ಲಾಬಿಯಲ್ಲಿ ಮಿನುಗುವ, ಪ್ರತಿ ಮಹಡಿಗೂ ದೀಪ ಇರುವ ಅಲಾರಾಂ ಪ್ಯಾನೆಲ್. ಇನ್ನೊಂದು ಕಡೆ ವಾಚ್‌ಮನ್ ಕ್ಯಾಬಿನ್ನಿನ ಹೊರಗೆ ಗೋಡೆಗೆ ಬಡಿದ ಒಂದು ಕೆಂಪು ತಗಡಿನ ಪೆಟ್ಟಿಗೆ. ಮೊದಲನೆಯದಕ್ಕೆ ಲಕ್ಷಗಳು ಬೇಕು, ಎರಡನೆಯದಕ್ಕೆ ಕೆಲವು ಸಾವಿರ.

ಪೆಟ್ಟಿಗೆಯಲ್ಲಿ ಇರಬೇಕಾದದ್ದು ಇಷ್ಟು: ಎಲ್ಲ ಸಾಮೂಹಿಕ ಬೀಗಗಳ ಕೀಲಿ, ಚೀಟಿ ಹಚ್ಚಿದ್ದು. ಪ್ರತಿ ಮಹಡಿಯ ನಕ್ಷೆ, ಪ್ಲಾಸ್ಟಿಕ್ ಹೊದಿಸಿದ್ದು. ಕರೆಂಟಿನ ಮೇನ್ ಎಲ್ಲಿ, ಪೈಪ್ ಗ್ಯಾಸಿನ ವಾಲ್ವ್ ಎಲ್ಲಿ, ನೀರಿನ ಟ್ಯಾಂಕ್ ಎಲ್ಲಿ. ಹಾಸಿಗೆ ಹಿಡಿದವರು, ಗಾಲಿಕುರ್ಚಿಯವರು, ಒಬ್ಬರೇ ಇರುವ ಮುದುಕರು ಯಾವ ಫ್ಲ್ಯಾಟಿನಲ್ಲಿ ಅನ್ನುವ ಪಟ್ಟಿ. ಪಟ್ಟಿಯನ್ನು ತಿಂಗಳಿಗೊಮ್ಮೆ ತಿದ್ದಬೇಕು, ಇಲ್ಲದಿದ್ದರೆ ಡೊಂಬಿವಲಿ ಅಜ್ಜಿಯ ಕಥೆಯೇ.

ಆ ಅಜ್ಜಿಯನ್ನು ಹುಡುಕಲು ಇಬ್ಬರು ಹೋಗಿಬಂದದ್ದು ಹೆಚ್ಚುಕಡಿಮೆ 20 ನಿಮಿಷ. ನಮ್ಮ ಲೆಕ್ಕದಲ್ಲಿ ತಲೆಗೆ 180 ಬಾರ್, ಮೆಟ್ಟಿಲು ಹತ್ತಿ ಬಾಗಿಲು ಒಡೆದದ್ದಕ್ಕೆ ಇನ್ನೂ ಜಾಸ್ತಿ. ಎರಡು ಸಿಲಿಂಡರ್ ಸುಮ್ನೆ ಖಾಲಿ. ಅವರು ಹೊರಗೆ ಬಂದಾಗ ಕೇಳಿದ ಸೀಟಿ ಅದೇ. ಒಳಗೆ ಯಾರೋ ಇದ್ದಾರೆ ಅಂದರೆ ಜವಾನ ನಿಲ್ಲುವುದಿಲ್ಲ. ಖಾಲಿ ಮನೆಗೆ ಅಂತ ಗೊತ್ತಿದ್ದರೆ ತೆಗೆದುಕೊಳ್ಳದ ಅಪಾಯವನ್ನು ಆಗ ತೆಗೆದುಕೊಳ್ಳುತ್ತಾನೆ. ಹಾಗಾಗಿ ಕೆಳಗೆ ಒಂದು ಜಾಗ ಗೊತ್ತು ಮಾಡಿ, ಅಲ್ಲಿ ಮಹಡಿವಾರು ತಲೆ ಎಣಿಸಲು ಒಬ್ಬರನ್ನು ನೇಮಿಸಿ. ಅಧಿಕಾರಿ ಗಾಡಿಯಿಂದ ಇಳಿದ ಕೂಡಲೇ ಒಬ್ಬರೇ ಹೋಗಿ ಹೇಳಬೇಕು. ಹತ್ತು ಜನ ಹತ್ತು ಕಥೆ ಹೇಳಬಾರದು.

ಅಲಾರಾಂ ಪ್ಯಾನೆಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆಂಕಿ ಸಣ್ಣದಿರುವಾಗಲೇ ಗೊತ್ತಾದರೆ ಎಲ್ಲರಿಗೂ ಒಳ್ಳೆಯದೇ. ಆದರೆ ನಮ್ಮ ಎದುರಿನ ಸೊಸೈಟಿಯಲ್ಲಿ ಅದು ದಿನಾ ಸುಳ್ಳು ಕೂಗಿ ಕೂಗಿ ಕೊನೆಗೆ ವಾಚ್‌ಮನ್ ಅದರ ಬಾಯಿ ಮುಚ್ಚಿಸಿದ್ದಾನೆ. ಮೊದಲು ಪೆಟ್ಟಿಗೆ, ಆಮೇಲೆ ಪ್ಯಾನೆಲ್.

ಮೆಟ್ಟಿಲು: ಫ್ಯಾನ್, ಬಾಗಿಲು, ಇಲ್ಲಾ ಬರೀ ಕಿಟಕಿ?

ನನ್ನ ಮಟ್ಟಿಗೆ ಇಡೀ ವಿಷಯದ ಹೂರಣ ಇಲ್ಲಿದೆ.

ಜವಾನರು ಗಾಡಿಯಿಂದಲೇ ಮಾಸ್ಕಿನ ಗಾಳಿ ಎಳೆಯುತ್ತಾ ಬರುವುದಿಲ್ಲ. ಹೊಗೆ ಎಲ್ಲಿ ಶುರುವೋ ಅಲ್ಲಿಂದ ಎಳೆಯುತ್ತಾರೆ. ಬೆಂಕಿ 12ನೇ ಮಹಡಿಯಲ್ಲಿದ್ದು ಮೆಟ್ಟಿಲು ಶುದ್ಧವಾಗಿದ್ದರೆ 11ನೇ ಮಹಡಿಯವರೆಗೆ ಖರ್ಚು ಸೊನ್ನೆ ಬಾರ್. ಅದೇ ಮೆಟ್ಟಿಲಲ್ಲಿ 2ನೇ ಮಹಡಿಯಿಂದಲೇ ಹೊಗೆ ಇದ್ದರೆ? ಮಹಡಿಗೆ ಅರ್ಧ ನಿಮಿಷ ಅಂದರೂ 10 ಮಹಡಿಗೆ 5 ನಿಮಿಷ, 45 ಬಾರ್. ವಾಪಸ್ಸಿಗೆ ಇನ್ನೊಂದು 45. ಬೆಂಕಿಯ ಮುಖ ನೋಡುವ ಮೊದಲೇ ಮೂರನೇ ಒಂದು ಪಾಲಿಗಿಂತ ಜಾಸ್ತಿ ಗಾಳಿ ಲೆಕ್ಕಕ್ಕೆ ಹೋಯಿತು. ಅದೂ ಕಣ್ಣು ಕಾಣುವವನ ವೇಗದಲ್ಲಿ. ಹೊಗೆಯಲ್ಲಿ ಗೋಡೆ ಸವರುತ್ತಾ ಹತ್ತುವವನಿಗೆ ಅರ್ಧ ನಿಮಿಷ ಎಲ್ಲಿ ಸಾಲುತ್ತದೆ?

ಮೆಟ್ಟಿಲನ್ನು ಶುದ್ಧ ಇಡಲು ಮೂರು ದಾರಿ.

ಮೊದಲನೆಯದು ಪ್ರೆಶರೈಸೇಶನ್. ದೊಡ್ಡ ಫ್ಯಾನ್ ಮೆಟ್ಟಿಲ ಗೂಡಿಗೆ ಗಾಳಿ ತುಂಬುತ್ತದೆ. ಒಳಗಿನ ಒತ್ತಡ ಹೊರಗಿಗಿಂತ ಸುಮಾರು 50 ಪಾಸ್ಕಲ್ ಹೆಚ್ಚಿದ್ದರೆ ಬಾಗಿಲ ಸಂದಿನಿಂದ ಹೊಗೆ ಒಳಬರುವುದಿಲ್ಲ. ಕಿಟಕಿಯೇ ಇಲ್ಲದ ಒಳಮೆಟ್ಟಿಲ ಎತ್ತರದ ಟವರುಗಳಿಗೆ ಇದು ಬೇಕೇ ಬೇಕು. ಆದರೆ ಫ್ಯಾನಿಗೆ ಬೇರೆ ಕರೆಂಟು ಲೈನು ಬೇಕು, ಜನರೇಟರ್ ಬೇಕು, ಪ್ರತಿ ಬಾಗಿಲೂ ಸರಿಯಾಗಿ ಮುಚ್ಚಬೇಕು. ನಾಲ್ಕು ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟರೆ ಫ್ಯಾನ್ ಗಾಳಿಯೆಲ್ಲ ಅಲ್ಲೇ ಸೋರಿ ಹೋಗುತ್ತದೆ.

ಎರಡನೆಯದು ಬೆಂಕಿ ತಡೆಯುವ ಬಾಗಿಲು, ತಾನಾಗಿ ಮುಚ್ಚುವ ಡೋರ್ ಕ್ಲೋಸರ್ ಸಮೇತ. ಇದು ಒಳ್ಳೆಯ ಖರ್ಚು. ಒಂದು ತೊಡಕು ಇದೆ: ಜವಾನರು ಪೈಪ್ ಎಳೆದುಕೊಂಡು ಒಳಹೋದಾಗ ಪೈಪೇ ಬಾಗಿಲನ್ನು ತೆರೆದಿಡುತ್ತದೆ. ಅಲ್ಲಿಂದ ಹೊಗೆ ಮೆಟ್ಟಿಲಿಗೆ ಬರುತ್ತದೆ. ಹಾಗಾಗಿ ಮೇಲಿನವರು ಅಷ್ಟರೊಳಗೆ ಇಳಿದಿರಬೇಕು.

ಮೂರನೆಯದು ನಮ್ಮಂಥ ಕಟ್ಟಡಕ್ಕೆ. ಮೆಟ್ಟಿಲಿಗೆ ಕಿಟಕಿ, ಜಾಲಿ ಮೊದಲಿಂದಲೇ ಇತ್ತು. ಬಿಲ್ಡರ್ ಕೊಟ್ಟದ್ದನ್ನು ನಾವೇ ಮುಚ್ಚಿದ್ದೆವು. ಪಾರಿವಾಳ ಬರುತ್ತೆ ಅಂತ, ಮಳೆನೀರು ಎರಚುತ್ತೆ ಅಂತ ಪಾಲಿಕಾರ್ಬೊನೇಟ್ ಶೀಟು ಬಡಿಸಿದ್ದೆವು. ಆವತ್ತು ಬಿ ವಿಂಗಿನಲ್ಲಿ ಹೊಗೆ ಎಲ್ಲಿಗೂ ಹೋಗಲಾರದೆ ಮೆಟ್ಟಿಲಲ್ಲೇ ಸುತ್ತುತ್ತಿದ್ದದ್ದು ಈ ಶೀಟಿನಿಂದ, ಮತ್ತು ಮೇಲಿನ ಟೆರೇಸ್ ಬೀಗದಿಂದ. ಶೀಟು ಬಿಚ್ಚಲು ಬಡಗಿ ಎರಡು ದಿನದ ಕೂಲಿ ಕೇಳಿದ. ಪಾರಿವಾಳಕ್ಕೆ ಬಲೆ ಹಾಕಿದೆವು. ಮಳೆಗೆ ಮೆಟ್ಟಿಲು ಒದ್ದೆಯಾಗುತ್ತದೆ, ಒರೆಸುತ್ತೇವೆ.

ಫ್ಯಾನ್ ಕಾಂಟ್ರ್ಯಾಕ್ಟರಿಗೆ ಬೇಜಾರಾಯಿತು. ನನಗೇನೂ ಆಗಲಿಲ್ಲ.

ಇದೇ ಸಾಲಿಗೆ ಡಕ್ಟಿನ ವಿಷಯವೂ ಸೇರುತ್ತದೆ. ಎಲೆಕ್ಟ್ರಿಕ್ ಡಕ್ಟು ಕೆಳಗಿಂದ ಮೇಲಿನವರೆಗೆ ತೆರೆದ ಚಿಮಣಿ ಇದ್ದ ಹಾಗೆ. ಪ್ರತಿ ಮಹಡಿಯಲ್ಲಿ ಕೇಬಲ್ ಹಾದುಹೋಗುವ ತೂತಿನ ಸುತ್ತ ಬೆಂಕಿ ತಡೆಯುವ ಮಸಾಲೆ ತುಂಬಿ ಮುಚ್ಚಬೇಕು. ನಮ್ಮ 4ನೇ ಮಹಡಿಯ ಹೊಗೆ 11ಕ್ಕೆ ಹೋದದ್ದು ಆ ತೂತುಗಳಿಂದಲೇ. ನಾವು 10 ಲಕ್ಷದಲ್ಲಿ ದೊಡ್ಡ ಪಾಲನ್ನು ಇಲ್ಲಿ ಹಾಕಿದೆವು. ಕೇಬಲ್ ಟಿವಿಯವನು, ಇಂಟರ್ನೆಟ್ಟಿನವನು ಬಂದು ಮತ್ತೆ ತೂತು ಕೊರೆದು ಹೋಗುತ್ತಾರೆ, ಅವರ ಹಿಂದೆಯೇ ಒಬ್ಬರು ನಿಲ್ಲಬೇಕು.

ನೀರು: ಸ್ಪ್ರಿಂಕ್ಲರ್, ವೆಟ್ ರೈಸರ್, ಹೋಸ್ ರೀಲ್

ಸ್ಪ್ರಿಂಕ್ಲರ್ ಇದ್ದರೆ ಅದಕ್ಕೆ ಸಮ ಯಾವುದೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಂಪು ಗಾಜಿನ ಬಲ್ಬು 68 ಡಿಗ್ರಿಗೆ ಒಡೆಯುತ್ತದೆ. ಬೆಂಕಿಯ ಹತ್ತಿರದ್ದು ಮಾತ್ರ ಒಡೆಯುತ್ತದೆ, ಸಿನಿಮಾದಲ್ಲಿ ತೋರಿಸುವ ಹಾಗೆ ಇಡೀ ಕಟ್ಟಡದ್ದಲ್ಲ. ಜವಾನ ಬರುವ ಹೊತ್ತಿಗೆ ಬೆಂಕಿ ಒಂದು ಮೂಲೆಯಲ್ಲಿ ಕಟ್ಟಿಬಿದ್ದಿರುತ್ತದೆ. ಆದರೆ ಹೊಗೆ ತಣ್ಣಗಾಗಿ ಕೆಳಗೇ ಕೂರುವುದರಿಂದ ಕಣ್ಣಿಗೆ ಏನೂ ಕಾಣದೆ ಇರಬಹುದು. ಅದು ಸಣ್ಣ ತೊಂದರೆ.

ದೊಡ್ಡ ತೊಂದರೆ ಹಣದ್ದು. ಕಟ್ಟಿ ಮುಗಿದ, ಜನ ಇರುವ 14 ಮಹಡಿಗೆ ಪೈಪ್ ಎಳೆಯುವುದು, ಪ್ರತಿ ಮನೆಯ ಫಾಲ್ಸ್ ಸೀಲಿಂಗ್ ಬಿಚ್ಚುವುದು ಯಾರಿಂದ ಆಗುತ್ತದೆ? ನಮಗೆ ಬಂದ ಕೊಟೇಶನ್ ಬಜೆಟ್ಟಿನ ನಾಲ್ಕು ಪಟ್ಟಿತ್ತು. ನೀವು ಹಳೆಯದನ್ನು ಕೆಡವಿ ಹೊಸದು ಕಟ್ಟಿಸುವ ರೀಡೆವಲಪ್‌ಮೆಂಟಿಗೆ ಹೋಗುತ್ತಿದ್ದರೆ ಬಿಲ್ಡರನ ಹತ್ತಿರ ಜಿಮ್ಮಿಗೆ ಜಗಳ ಮಾಡುವ ಮೊದಲು ಇದಕ್ಕೆ ಜಗಳ ಮಾಡಿ. ಹಳೆಯ ಕಟ್ಟಡವಾದರೆ ಪಾರ್ಕಿಂಗಿಗೆ, ಕೆಳಗಿನ ಅಂಗಡಿ ಸಾಲಿಗೆ ಮಾತ್ರ ಹಾಕಿಸಬಹುದು. ಬೈಕುಗಳ ಸಾಲು ಹತ್ತಿಕೊಂಡರೆ ಹೊಗೆ ನೇರ ಮೆಟ್ಟಿಲಿಗೇ ಬರುತ್ತದೆ. 2023ರ ಅಕ್ಟೋಬರಿನಲ್ಲಿ ಗೋರೆಗಾಂವ್ ಪಶ್ಚಿಮದ ಕಟ್ಟಡವೊಂದರಲ್ಲಿ ರಾತ್ರಿ ಬೆಂಕಿ ಬಿದ್ದು ಜನ ಸತ್ತಾಗ ಕೆಳಗೆ ನಿಲ್ಲಿಸಿದ್ದ ಗಾಡಿಗಳೂ ಸುಟ್ಟು ಹೋಗಿದ್ದವು.

ವೆಟ್ ರೈಸರ್ ನಿಮ್ಮಲ್ಲಿ ಬಹುಶಃ ಇದ್ದೇ ಇದೆ. ಮೆಟ್ಟಿಲ ಪಕ್ಕದ ಕೆಂಪು ಪೈಪು, ಪ್ರತಿ ಮಹಡಿಗೆ 63 ಮಿಲಿಮೀಟರಿನ ಒಂದು ವಾಲ್ವು. ಪ್ರಶ್ನೆ ಅದು ಇದೆಯೋ ಇಲ್ಲವೋ ಅನ್ನುವುದಲ್ಲ, ಅದರ ಚಕ್ರ ತಿರುಗುತ್ತದೋ ಇಲ್ಲವೋ. ಜವಾನರು ಬೆಂಕಿಯ ಮಹಡಿಗಿಂತ ಒಂದು ಮಹಡಿ ಕೆಳಗೆ ಪೈಪು ಸಿಕ್ಕಿಸಿ, ನೀರು ತುಂಬಿಸಿಕೊಂಡು ಮೇಲೆ ಹೋಗುತ್ತಾರೆ. ಆವತ್ತು ನಮ್ಮ 3ನೇ ಮಹಡಿಯ ಚಕ್ರ ತುಕ್ಕು ಹಿಡಿದು ಕೂತಿತ್ತು. ಸುತ್ತಿಗೆಯಲ್ಲಿ ಹೊಡೆದರೂ ಅಲುಗಲಿಲ್ಲ. 2ನೇ ಮಹಡಿಯಿಂದ ತರಬೇಕಾಯಿತು. ಅದಕ್ಕೆ ಇನ್ನೊಂದು ಪೈಪ್ ಜೋಡಿಸಬೇಕು.

ಇನ್ನೊಂದು ಪೈಪ್ ಅಂದರೆ ಎಷ್ಟು ಭಾರ? 63 ಮಿಲಿಮೀಟರಿನ 15 ಮೀಟರ್ ಪೈಪಿನಲ್ಲಿ 47 ಲೀಟರ್ ನೀರು ಹಿಡಿಯುತ್ತದೆ. ಅಷ್ಟೇ ಕಿಲೋ. ಮೆಟ್ಟಿಲ ತಿರುವಿನಲ್ಲಿ ಅದನ್ನು ಎಳೆಯುವುದು ಅಂದರೆ ತುಂಬಿದ ಅಕ್ಕಿ ಮೂಟೆ ಎಳೆದ ಹಾಗೆ. 38 ಮಿಲಿಮೀಟರಿನ ಪೈಪಾದರೆ ಅಷ್ಟೇ ಉದ್ದಕ್ಕೆ 17 ಲೀಟರ್. ಅದಕ್ಕೇ ಒಳಗೆ ಹೋಗುವಾಗ ಸಣ್ಣ ಪೈಪಿಗೆ ಇಷ್ಟಪಡುವವರಿದ್ದಾರೆ. ಚುರುಕಾಗಿ ತಿರುಗಿಸಬಹುದು. ಆದರೆ ಗೋಡೌನಿನಂಥ ದೊಡ್ಡ ಬೆಂಕಿಗೆ ಅದರ ನೀರು ಸಾಲುವುದಿಲ್ಲ. ಯಾವುದು ಅನ್ನುವುದನ್ನು ಅವರೇ ನೋಡಿಕೊಳ್ಳುತ್ತಾರೆ. ನಮ್ಮ ಕೆಲಸ ವಾಲ್ವಿನಲ್ಲಿ ಒತ್ತಡ ಇಡುವುದು. ತುತ್ತತುದಿಯ ಮಹಡಿಯಲ್ಲೂ ಕನಿಷ್ಠ 3.5 ಬಾರ್ ಬರಬೇಕು. ಇದು ನೀರಿನ ಬಾರ್, ಉಸಿರಿನದ್ದಲ್ಲ, ಗೊಂದಲ ಬೇಡ.

ನೀರು ಬಾಗಿಲಲ್ಲೇ ಸಿದ್ಧ ಇರುವುದು ಜವಾನನಿಗೆ ಯಾಕೆ ಅಷ್ಟು ಮುಖ್ಯ? ಮುಚ್ಚಿದ ಕೋಣೆಯಲ್ಲಿ ಸೋಫಾದ ಫೋಮು ಉರಿದು ಚಾವಣಿಯ ಹೊಗೆ 500ರಿಂದ 600 ಡಿಗ್ರಿ ಮುಟ್ಟಿದಾಗ ಕೋಣೆಯೊಳಗಿನದ್ದೆಲ್ಲ ಒಂದೇ ಸಲ ಭಗ್ಗನೆ ಹಿಡಿಯುತ್ತದೆ. ಫ್ಲ್ಯಾಶ್‌ಓವರ್ ಅನ್ನುತ್ತಾರೆ. ಎಷ್ಟೇ ಒಳ್ಳೆಯ ಕೋಟಿದ್ದರೂ ಅದರೊಳಗೆ ಸಿಕ್ಕಿದವನಿಗೆ ಸಿಗುವುದು ಕೆಲವೇ ಸೆಕೆಂಡು. ಅದಕ್ಕೆ ಅವನು ಬಾಗಿಲಲ್ಲಿ ಮಂಡಿಯೂರಿ ಚಾವಣಿಯ ಹೊಗೆಗೆ ನೀರು ಹೊಡೆದು ತಣಿಸಿ ಮುಂದೆ ಹೋಗುತ್ತಾನೆ. ಅದೂ ಅಳತೆಯಲ್ಲಿ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಜಾಸ್ತಿ ಹೊಡೆದರೆ ಆವಿ ಅವನನ್ನೇ ಬೇಯಿಸುತ್ತದೆ.

ವಾಲ್ವಿನ ಪಕ್ಕದ ಹೋಸ್ ಬಾಕ್ಸ್ (ಪೈಪು, ನಾಜಲ್ ಇಡುವ ಪೆಟ್ಟಿಗೆ) ತೆರೆದು ನೋಡುವುದು ಮಾತ್ರ ಬಿಟ್ಟಿ ಕೆಲಸ. ನಾನು ಮರುದಿನ ಎಲ್ಲ 28 ಪೆಟ್ಟಿಗೆ ತೆರೆದೆ. ಒಂದರಲ್ಲಿ ಪೊರಕೆ, ಒಂದರಲ್ಲಿ ಗುಟ್ಕಾ ಪಾಕೀಟು, 6ನೇ ಮಹಡಿಯದರಲ್ಲಿ ಯಾರದೋ ಮಗುವಿನ ಕ್ರಿಕೆಟ್ ಚೆಂಡು. ಹಿತ್ತಾಳೆ ನಾಜಲ್ ಇದ್ದದ್ದು ಐದರಲ್ಲಿ. ಉಳಿದವು ಗುಜರಿ ಭಂಗಾರ್‌ವಾಲಾನ ತಕ್ಕಡಿ ಕಂಡಿರಬೇಕು. ಆದರೂ ಅಷ್ಟೂ ವರ್ಷ ಫಾರ್ಮ್ ಬಿ ಸರ್ಟಿಫಿಕೇಟು ಜನವರಿ, ಜುಲೈ ತಪ್ಪದೆ ಬರುತ್ತಿತ್ತು. ಮಹಾರಾಷ್ಟ್ರದ 2006ರ ಕಾನೂನಿನ ಪ್ರಕಾರ ಲೈಸೆನ್ಸ್ ಇರುವ ಏಜೆನ್ಸಿ ಆರು ತಿಂಗಳಿಗೊಮ್ಮೆ ಎಲ್ಲ ಸರಿಯಿದೆ ಅಂತ ಬರೆದುಕೊಡಬೇಕು. ಬರೆದುಕೊಟ್ಟವನು ಮೇಲೆ ಹತ್ತಿದ್ದನೋ ಇಲ್ಲವೋ ಅವನಿಗೇ ಗೊತ್ತು. ಮುಂದಿನ ಸಲದಿಂದ ನಾನು ಅವನ ಜೊತೆಗೇ ಹತ್ತುತ್ತಿದ್ದೇನೆ.

ಹೋಸ್ ರೀಲ್ ಬೇರೆ. ಅದು ಸಣ್ಣ ರಬ್ಬರ್ ಪೈಪು, ನಿವಾಸಿಗಳಿಗೆ. ಕಸದ ಬುಟ್ಟಿ ಹತ್ತಿದಾಗ ನೀವೇ ಆರಿಸಿದರೆ ಜವಾನ ಮಾಸ್ಕೇ ಹಾಕಬೇಕಿಲ್ಲ. ಆದರೆ ಚಾವಣಿಯಲ್ಲಿ ಹೊಗೆ ಕಟ್ಟಿದ ಮೇಲೂ ಹೀರೋ ಆಗಿ ನಿಂತರೆ ಅವನಿಗೆ ಹೊತ್ತು ತರಲು ಇನ್ನೊಬ್ಬ ಸಿಕ್ಕಿದ ಹಾಗೆ.

ಮೀಟಿಂಗಿನಲ್ಲಿ ಎದ್ದ ಇನ್ನೆರಡು ಮಾತು

"ರೋಬೋ ಬಂದಿದೆಯಲ್ಲ, ಜವಾನ ಯಾಕೆ ಒಳಗೆ ಹೋಗಬೇಕು?" ಅಂತ ಎ ವಿಂಗಿನವರೊಬ್ಬರು ಕೇಳಿದರು. 2019ರ ಜುಲೈನಲ್ಲಿ ಬಾಂದ್ರಾದ ಎಂಟಿಎನ್‌ಎಲ್ ಟೆಲಿಫೋನ್ ಕಂಪನಿಯ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮುಂಬಯಿ ದಳ ರೋಬೋವನ್ನು ಇಳಿಸಿದ್ದು ನಿಜ. ಟೆರೇಸಿನಲ್ಲಿ ಸಿಕ್ಕಿಕೊಂಡಿದ್ದ 80ಕ್ಕೂ ಹೆಚ್ಚು ಜನರನ್ನು ಏಣಿ ಗಾಡಿಯಲ್ಲಿ ಇಳಿಸಿದ್ದು ಮಾತ್ರ ಜವಾನರು. ನಮ್ಮ ಮೆಟ್ಟಿಲಲ್ಲಿ ಸೈಕಲ್ಲು, ತುಳಸಿ ಕುಂಡ, ಚಪ್ಪಲಿ ದಾಟಿ ರೋಬೋ ಹತ್ತುವ ಕಾಲ ಬಂದಾಗ ನೋಡೋಣ.

ಏಣಿ ಗಾಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅದು ನಿಲ್ಲಲು ಕಾಲು ಚಾಚಬೇಕು, ಜಾಗ ಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಕಟ್ಟಡದ ಸುತ್ತ ಕನಿಷ್ಠ 6 ಮೀಟರ್ ದಾರಿ, 45 ಟನ್ ತೂಕದ ಗಾಡಿಯನ್ನು ತಡೆಯುವ ನೆಲ. ಪೋಡಿಯಂ (ಪಾರ್ಕಿಂಗಿನ ಚಾವಣಿಯ ಅಂಗಳ) ಮೇಲೆ ಹುಲ್ಲು ಹಾಸಿ ಕಾರಂಜಿ ಕಟ್ಟಿದವರು ಇದನ್ನು ಒಮ್ಮೆ ಎಂಜಿನಿಯರಿಗೆ ಕೇಳಿ. ಕಿಟಕಿಯ ಪೆಟ್ಟಿಗೆ ಗ್ರಿಲ್ಲಿಗೂ ಒಳಗಿನಿಂದ ತೆರೆಯುವ ಒಂದು ಬಾಗಿಲು ಇಡಿಸಿ. ಏಣಿ ಬಂದ ಮೇಲೆ ಗ್ರಿಲ್ ಕತ್ತರಿಸುತ್ತಾ ನಿಂತವನ ಗಾಳಿ ಯಾರಿಗಾಗಿಯೂ ಕಾಯುವುದಿಲ್ಲ.

ಎರಡನೆಯ ಮಾತು: ಸೊಸೈಟಿಯೇ ನಾಲ್ಕು ಉಸಿರಾಟದ ಸೆಟ್ ತಂದು ವಾಚ್‌ಮನ್‌ಗಳಿಗೆ ಕೊಡೋಣ. ಖಂಡಿತ ಬೇಡ. ಅಭ್ಯಾಸ ಇಲ್ಲದವನು ಮಾಸ್ಕ್ ಹಾಕಿ ಒಳಹೋದರೆ ಜವಾನ ಹುಡುಕಬೇಕಾದವರ ಲೆಕ್ಕಕ್ಕೆ ಇನ್ನೊಂದು ತಲೆ ಸೇರುತ್ತದೆ. ಧೂಳಿನ ಮಾಸ್ಕು ಹಾಕಿಕೊಂಡು ಹೋಗುತ್ತೇನೆ ಅನ್ನುವವರಿಗೂ ಒಂದು ಮಾತು. ಅದು ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ, ಇಲ್ಲದ ಆಮ್ಲಜನಕವನ್ನು ಕೊಡುವುದೂ ಇಲ್ಲ. ಕಾರ್ಖಾನೆ, ದೊಡ್ಡ ಹೋಟೆಲಿನವರು ಸ್ವಂತ ತರಬೇತಾದ ತಂಡ ಇಟ್ಟುಕೊಂಡಿದ್ದರೆ ಮಾತು ಬೇರೆ. ಅವರು ಸ್ಟೀಲ್ ಸಿಲಿಂಡರ್ ಅಗ್ಗ ಅಂತ ಹೋಗಬಾರದು. ಕಾಂಪೋಸಿಟ್ ಸೆಟ್ಟು ಅದಕ್ಕಿಂತ ಎಷ್ಟೋ ಕಿಲೋ ಹಗುರ, ಆ ಕಿಲೋಗಳು ಮೆಟ್ಟಿಲಲ್ಲಿ ನೇರ ಉಸಿರಿಗೇ ಬರುತ್ತವೆ. ಅಲುಗಾಡದೆ ಬಿದ್ದರೆ ಅರ್ಧ ನಿಮಿಷದಲ್ಲಿ ತಾನಾಗಿ ಕೂಗುವ ಸಾಧನವೊಂದು ಸಿಗುತ್ತದೆ, ಅದಿಲ್ಲದ ಸೆಟ್ ತರಲೇಬೇಡಿ. ಯಾರು ಎಷ್ಟು ಬಾರ್ ಇಟ್ಟುಕೊಂಡು ಎಷ್ಟು ಹೊತ್ತಿಗೆ ಒಳಹೋದರು ಅಂತ ಬಾಗಿಲಲ್ಲಿ ಬೋರ್ಡಿನ ಮೇಲೆ ಬರೆಯುವವನೊಬ್ಬ ಇರಬೇಕು. ಅವನ ಸೀಮೆಸುಣ್ಣ ಅಲ್ಲಿರುವ ಎಲ್ಲದಕ್ಕಿಂತ ಅಗ್ಗ.

ನಿಮ್ಮ ಕಟ್ಟಡ ಯಾವ ಜಾತಿಯದು?

ಮೇಲಿನದೆಲ್ಲ ನಮ್ಮಂಥ ಮಧ್ಯಮ ಎತ್ತರದ ಸಿಮೆಂಟು ಕಟ್ಟಡಕ್ಕೆ. ಉಳಿದವರ ಆಯ್ಕೆ ಬದಲಾಗುತ್ತದೆ.

ಫೋರ್ಟ್, ಗಿರಗಾಂವ್, ಕಾಲ್ಬಾದೇವಿ ಕಡೆಯ ಮರದ ತೊಲೆಯ ಹಳೆ ಕಟ್ಟಡದಲ್ಲಿದ್ದರೆ ಉಪಕರಣದ ಮಾತು ಆಮೇಲೆ. ಅಲ್ಲಿ ಜವಾನನ ದೊಡ್ಡ ಶತ್ರು ಹೊಗೆಗಿಂತ ಜಾಸ್ತಿ ಚಾವಣಿ. 2015ರ ಮೇ 9ರಂದು ಕಾಲ್ಬಾದೇವಿಯ ಗೋಕುಲ್ ನಿವಾಸ ಬೆಂಕಿ ಬಿದ್ದು ಕುಸಿಯಿತು. ದಳದ ಮುಖ್ಯಸ್ಥ ಸುನಿಲ್ ನೇಸರೀಕರ್ ಸೇರಿ ನಾಲ್ವರು ಅಧಿಕಾರಿಗಳು ಜೀವ ಕಳೆದುಕೊಂಡರು. ಆ ನಾಲ್ವರಲ್ಲೊಬ್ಬರಾದ ಉಪಮುಖ್ಯಸ್ಥ ಸುಧೀರ್ ಅಮೀನ್ ಹೆಸರು ಮುಂಬಯಿಯ ತುಳು ಕನ್ನಡಿಗರಿಗೆ ಮರೆಯುವಂಥದ್ದಲ್ಲ. ಇಂಥ ಕಟ್ಟಡದವರು ಕೊಡಬಹುದಾದ ದೊಡ್ಡ ಉಪಕಾರ ಒಂದೇ: ಎಲ್ಲರೂ ಹೊರಗಿದ್ದೇವೆ ಅಂತ ಖಚಿತವಾಗಿ, ಬೇಗ ಹೇಳುವುದು. ಆಗ ದಳ ಹೊರಗಿನಿಂದಲೇ ನೀರು ಹೊಡೆಯಬಹುದು. ಯಾವ ಗೋಡೆ ಒಡೆದು ಅಂಗಡಿ ದೊಡ್ಡದು ಮಾಡಿದ್ದೀರಿ, ಎಲ್ಲಿ ಮಾಳಾ (ಅಟ್ಟ) ಹಾಕಿದ್ದೀರಿ, ಎಲ್ಲಿ ಗ್ಯಾಸ್ ಸಿಲಿಂಡರ್ ಇದೆ, ನಾಚಿಕೊಳ್ಳದೆ ನಕ್ಷೆಯಲ್ಲಿ ಬರೆದಿಡಿ.

ಗಾಜಿನ ಮಾಲು, ಕಿಟಕಿ ತೆರೆಯದ ಆಫೀಸುಗಳು ಮೇಲಿನಿಂದ ಹೊಗೆ ಬಿಡುವ ದಾರಿಗೆ ದುಡ್ಡು ಹಾಕಬೇಕು. ನಾಗಪಾಡಾದ ಸಿಟಿ ಸೆಂಟರ್ ಮಾಲ್ ಬೆಂಕಿ 2020ರ ಅಕ್ಟೋಬರಿನಲ್ಲಿ ಎರಡು ದಿನಕ್ಕೂ ಹೆಚ್ಚು ಉರಿಯಿತು.

30, 40 ಮಹಡಿಯವರು ಫೈರ್ ಲಿಫ್ಟನ್ನು ಮೊದಲು ನೋಡಲಿ. ಅದಕ್ಕೆ ಬೇರೆ ಕರೆಂಟು ಲೈನು, ಕೆಳಗೆ ಗಾಜಿನ ಹಿಂದೆ ಸ್ವಿಚ್ಚು ಇರುತ್ತದೆ. ಒತ್ತಿದರೆ ಲಿಫ್ಟ್ ಕೆಳಗೆ ಬಂದು ಜವಾನನ ಮಾತು ಮಾತ್ರ ಕೇಳಬೇಕು. ತಿಂಗಳಿಗೊಮ್ಮೆ ಒತ್ತಿ ನೋಡಿ. ಅವನು ಬೆಂಕಿಯ ಮಹಡಿಗಿಂತ ಒಂದೆರಡು ಮಹಡಿ ಕೆಳಗೇ ಇಳಿದು ಮೆಟ್ಟಿಲು ಹಿಡಿಯುತ್ತಾನೆ. 40 ಮಹಡಿಯನ್ನು ಆ ಭಾರ ಹೊತ್ತು ನಡೆದು ಹತ್ತಿದವನು ಮೇಲೆ ಹೋಗಿ ಏನು ಕೆಲಸ ಮಾಡಿಯಾನು? ಬೆಂಕಿಯ ಹೊತ್ತಿಗೆ ಜನ ಬಂದು ನಿಲ್ಲಲು ಬಿಟ್ಟ ರೆಫ್ಯೂಜ್ ಏರಿಯಾದಲ್ಲಿ ಟೇಬಲ್ ಟೆನಿಸ್ ಮೇಜು ಇಟ್ಟವರು ಅದನ್ನು ತೆಗೆಯಲಿ.

ಹೋಟೆಲು ನಡೆಸುವ ನಮ್ಮವರಿಗೆ ಇಷ್ಟು. ಮುಂಬಯಿಗೆ ಬಂದ ನಮ್ಮೂರ ಎಷ್ಟೋ ಹುಡುಗರು ಹೋಟೆಲಿನ ಮಾಳಾದ ಮೇಲೆಯೇ ಮಲಗಿ ಬೆಳೆದವರು. ರಾತ್ರಿ ಶಟರ್ ಎಳೆದು ಹೊರಗಿಂದ ಬೀಗ, ಒಳಗೆ ಆರೇಳು ಜನ. 2017ರ ಡಿಸೆಂಬರ್ 18ರ ನಸುಕಿನಲ್ಲಿ ಸಾಕಿನಾಕಾದ ಖೈರಾನಿ ರೋಡಿನ ಫರ್ಸಾಣ್ (ಖಾರದ ಕುರುಕಲು ತಿಂಡಿ) ಅಂಗಡಿಗೆ ಬೆಂಕಿ ಬಿದ್ದು ಒಳಗಿದ್ದ 12 ಕೆಲಸಗಾರರು ಸತ್ತರು. ನಿಮ್ಮ ಮುಂದೆ ಎರಡು ಆಯ್ಕೆ ಇದ್ದರೆ, ಅಡುಗೆಮನೆಗೆ ಹೊಸ ಬೆಂಕಿ ಆರಿಸುವ ವ್ಯವಸ್ಥೆ ಒಂದು, ಹುಡುಗರಿಗೆ ಬೇರೆ ಕೋಣೆ ಬಾಡಿಗೆ ಇನ್ನೊಂದು ಅಂತಾದರೆ, ಕೋಣೆಗೆ ಹಾಕಿ. ಖಾಲಿ ಹೋಟೆಲಿಗೆ ಬೆಂಕಿ ಬಿದ್ದರೆ ಜವಾನ ಶಟರ್ ಕತ್ತರಿಸಿ ಬಾಗಿಲಿಂದಲೇ ನೀರು ಹೊಡೆಯುತ್ತಾನೆ. ಮಾಳಾದ ಮೇಲೆ ಹುಡುಗರಿದ್ದಾರೆ ಅಂದರೆ ಕಿರಿದಾದ ಏಣಿ ಹತ್ತಿ, ಹೊಗೆ ಎಲ್ಲಕ್ಕಿಂತ ದಟ್ಟವಾಗಿರುವ ಜಾಗಕ್ಕೇ ಹೋಗಬೇಕು. ಗ್ಯಾಸಿನಲ್ಲೂ ಅಷ್ಟೇ. ಪೈಪ್ ಗ್ಯಾಸ್ ಬಂದ ರಸ್ತೆಯಲ್ಲಿದ್ದರೆ ಅದನ್ನೇ ತೆಗೆದುಕೊಳ್ಳಿ, ಹೊರಗಿನ ವಾಲ್ವ್ ತಿರುಗಿಸಿದರೆ ಮುಗಿಯಿತು. ಒಲೆಯ ಪಕ್ಕ ಸಾಲಾಗಿ ನಿಂತ 19 ಕಿಲೋದ ಸಿಲಿಂಡರುಗಳು ಕಾದು ಸಿಡಿಯುತ್ತವೆಯೋ ಏನೋ ಅಂತ ಲೆಕ್ಕ ಹಾಕುತ್ತಾ ಯಾರೂ ಒಳಗೆ ಕೆಲಸ ಮಾಡಲಾರರು.

ನಮ್ಮ 10 ಲಕ್ಷ ಹೀಗೆ ಹೋಯಿತು: ಡಕ್ಟ್ ಮುಚ್ಚಲು ಹೆಚ್ಚಿನದು, ವಾಲ್ವು, ಪಂಪು ರಿಪೇರಿಗೆ ಆಮೇಲಿನದು, ಮೆಟ್ಟಿಲ ಬಾಗಿಲುಗಳಿಗೆ ಕ್ಲೋಸರ್. ಪೆಟ್ಟಿಗೆಗೆ ಖರ್ಚಾದದ್ದು ಮೀಟಿಂಗಿನ ಸಮೋಸಾ ಬಿಲ್ಲಿಗಿಂತ ಸ್ವಲ್ಪ ಜಾಸ್ತಿ. ಕೊಟೇಶನ್ನಿನ ಬೆನ್ನಿನ ಸಿಲಿಂಡರ್ ಚಿತ್ರವನ್ನು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ವಿಜಯಪುರದ ಹುಡುಗ ಮೊನ್ನೆ ಬಂದು ಕೀಲಿಗಳನ್ನು ಒಂದೊಂದಾಗಿ ಎಣಿಸಿದ. ಚೀಟಿ ಓದಿದ. ಮತ್ತೆ ಎಣಿಸಿದ.

"ಶೆಟ್ರ, ಟೆರೇಸಿಂದ ಎಲ್ಲೈತ್ರಿ?"

ಇನ್ನೂ ಸೆಕ್ರೆಟರಿಯವರ ಮನೆಯಲ್ಲೇ ಇದೆ. ನಕಲು ಕೀಲಿ ಮಾಡಿಸಲು ಭಾನುವಾರ ನಾನೇ ಹೋಗಿ ಇಸಿದುಕೊಂಡು ಬರಬೇಕು.